ಕ್ಷಕಿರಣವೂ ಕ್ಷಯವೂ



ಬೀಜಗಣಿತದಲ್ಲಿ ಬೆಲೆ ತಿಳಿಯದ ರಾಶಿಯನ್ನು ಪಾಶ್ಚಾತ್ಯರು ‘ಎಕ್ಸ್’ ಎಂಬ ಅಕ್ಷರದಿಂದ ಸೂಚಿಸುವುದು ವಾಡಿಕೆ. ಅದನ್ನೇ ನಮ್ಮವರು ‘ಕ್ಷ’ ಎಂದು ಬರೆದುಕೊಂಡರು. 1895ನೆಯ ಇಸವಿ ನವೆಂಬರು ತಿಂಗಳ 8ನೆಯ ತಾರೀಖು ಜರ್ಮನಿ ದೇಶದ ವುರ್ಟ್ಸ್‌ಬುರ್ಗ್ ನಗರದಲ್ಲಿ ಪ್ರೊಫೆಸರ್ ರಾಂಟ್‌ಗೆನ್ನರು ಕಪ್ಪು ಕಾಗದ ಮುಚ್ಚಿದ ಗಾಜಿನ ಕೊಳವೆಯೊಂದರಲ್ಲಿ ವಿದ್ಯುತ್ತನ್ನು ಹಾಯಿಸುತ್ತಿದ್ದಾಗ, ತುಸು ದೂರದಲ್ಲಿದ್ದ ಲವಣಲೇಪಿತವಾದ ಪರದೆಯೊಂದು ಕತ್ತಲೆಯಲ್ಲಿ ಮಿನುಗಿದುದನ್ನು ಕಂಡರು. ಕಣ್ಣಿಗೆ ಕಾಣದ ಯಾವುದೋ ಕಿರಣ ಕೊಳವೆಯಿಂದ ಹೊರಡುತ್ತಿರಬೇಕೆಂದು ಊಹಿಸಿ, ಅದರ ಸ್ವರೂಪ ಇನ್ನೂ ತಿಳಿಯದಿದ್ದುದರಿಂದ ಅದಕ್ಕೆ ‘ಎಕ್ಸ್’ ಎಂದೇ ಹೆಸರಿಟ್ಟರು. ಕನ್ನಡದಲ್ಲಿ ಅದು ಕ್ಷಕಿರಣವಾಯಿತು. ಸ್ವರೂಪ ತಿಳಿದು ಬಹುಕಾಲವಾದರೂ ಹೆಸರು ಹಾಗೆಯೇ ಉಳಿದಿದೆ. ಕ್ಷಕಿರಣವೂ ಕ್ಷಯವೂ ಒಂದೇ ಅಕ್ಷರದಿಂದ ಮೊದಲಾಗುವುದು ಕಾಕತಾಳೀಯವೆಂಬುದು ನಿಜ. ಆದರೆ ನಮ್ಮ ನಾಡಿನಲ್ಲಿ ಇವೆರಡಕ್ಕೂ ಏರ್ಪಟ್ಟ ಸಂಬಂಧದ ಚರಿತ್ರೆ ಸ್ವಾರಸ್ಯವಾದುದು. ದೇಹದ ಒಳಭಾಗದ ಚಿತ್ರವನ್ನು ತೆಗೆಯುವ ಈ ವಿದ್ಯೆಯಿಂದ ವೈದ್ಯನಿಗೆ ಯಾವುದು ಲಭಿಸುತ್ತದೆ, ಯಾವುದು ಲಭಿಸುವುದಿಲ್ಲ ಎಂಬುದನ್ನು ಆ ಚರಿತ್ರೆಯಿಂದ ಕಲಿಯಬಹುದು. ಇಂದಿನ ನನ್ನ ಭಾಷಣಕ್ಕೆ ಅದೇ ವಿಷಯ.

ರಾಂಟ್‌ಗೆನ್ನರು ತಮ್ಮ ಪತ್ನಿಯ ಕೈಯ ಚಿತ್ರವನ್ನು ತೆಗೆದದ್ದು ಅದೇ ಡಿಸೆಂಬರಿನಲ್ಲಿ. ಬೆರಳುಗಳ ಮೂಳೆಗಳೂ ಅವುಗಳಲ್ಲೊಂದರ ಸುತ್ತ ಉಂಗುರವೂ ಅದರಲ್ಲಿ ಸ್ಪಷ್ಟವಾಗಿ ಮೂಡಿದ್ದುವು. ವರ್ಷ ತುಂಬುವುದರೊಳಗೆ ಯೂರೋಪಿನ ಆಸ್ಪತ್ರೆಗಳಲ್ಲಿ ಮುರಿದ ಮೂಳೆಗಳನ್ನೂ ಮೈಯಲ್ಲಿ ಹೊಕ್ಕ ಗುಂಡುಗಳನ್ನೂ ಈ ಕಿರಣದ ಬೆಳಕಿನಲ್ಲಿ ಹುಡುಕತೊಡಗಿದರು. ಆ ಮಹಾನುಭಾವರು ತಮ್ಮ ಶೋಧನೆಗೆ ಪೇಟೆಂಟ್ ಹಕ್ಕನ್ನು ಪಡೆಯಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಪ್ರಥಮ ನೊಬೆಲ್ ಬಹುಮಾನ ಅವರಿಗೆ ಸಂದಿತು. ಕಿರಣದ ಕೇಡನ್ನರಿಯದೆ ಅದರೊಡನೆ ಆಡಿದವರು ಬೆರಳುಗಳನ್ನೂ ಕೈಗಳನ್ನೂ ಕೊನೆಗೆ ಪ್ರಾಣಗಳನ್ನೂ ತೆತ್ತರು. 1936ರಲ್ಲಿ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ ಅಂಥವರ ಸ್ಮಾರಕವನ್ನು ನಿಲ್ಲಿಸಿದಾಗ ಅದರ ಮೇಲೆ 169 ಹೆಸರುಗಳಿದ್ದುವು. ಈಗ ಎದೆಯ ಒಂದು ಸಾದಾ ಚಿತ್ರಕ್ಕೆ ತಗಲುವ ಕಿರಣ, ಮಣ್ಣಿನಿಂದಲೂ ಆಕಾಶದಿಂದಲೂ ನಮ್ಮೆಲ್ಲರ ಮೈಮೇಲೆ ಸಹಜವಾಗಿ ಹತ್ತು ದಿನಗಳಲ್ಲಿ ಬೀಳುವಷ್ಟು ಮಾತ್ರ. ಸಿ.ಟಿ. ಸ್ಕ್ಯಾನ್ ಎಂಬ ಚಿತ್ರದ ಲೆಕ್ಕ ಬೇರೆ: ಎದೆಯ ಒಂದು ಸ್ಕ್ಯಾನಿಗೆ ಸುಮಾರು ಎರಡು ವರ್ಷಗಳ ಸಹಜ ಕಿರಣದಷ್ಟು ತಗಲುತ್ತದೆ. ತಲೆನೋವಿಗೂ ಬೆನ್ನುನೋವಿಗೂ ವೈದ್ಯನ ಮಾತನ್ನು ಕೇಳುವ ಮೊದಲೇ ಸ್ಕ್ಯಾನಿಂಗ್ ಕೇಂದ್ರದ ಬಾಗಿಲಲ್ಲಿ ನಿಲ್ಲುವ ನಗರವಾಸಿಗಳು ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳಿತು.

ಎದೆಯ ಚಿತ್ರ ಮೂಡುವ ಬಗೆ ಸರಳವಾದುದು. ಕಿರಣವು ಗಾಳಿಯನ್ನು ಸುಲಭವಾಗಿ ದಾಟಿಹೋಗುತ್ತದೆ. ಮಾಂಸದಲ್ಲಿ ಸ್ವಲ್ಪ ತಡೆಯಲ್ಪಡುತ್ತದೆ. ಮೂಳೆಯಲ್ಲಿ ಬಹಳವಾಗಿ ತಡೆಯಲ್ಪಡುತ್ತದೆ. ಆದುದರಿಂದ ಗಾಳಿ ತುಂಬಿದ ಶ್ವಾಸಕೋಶ ಕಪ್ಪಾಗಿಯೂ ಪಕ್ಕೆಲುಬುಗಳು ಬಿಳಿಯ ಪಟ್ಟಿಗಳಾಗಿಯೂ ಹೃದಯ ನಡುವೆ ಬಿಳಿಯ ಮುದ್ದೆಯಾಗಿಯೂ ಕಾಣುತ್ತವೆ. ಕ್ಷಯ ತಗಲಿದ ಶ್ವಾಸಕೋಶದಲ್ಲಿ, ಹೆಚ್ಚಾಗಿ ಅದರ ಮೇಲ್ಭಾಗದಲ್ಲಿ, ಮೋಡದ ತುಣುಕಿನಂತೆ ಮಸಕು ಬಿಳುಪು ಮೂಡುತ್ತದೆ. ರೋಗ ಬಲಿತರೆ ಆ ಮೋಡದ ನಡುವೆ ಕರಿಯ ಪೊಳ್ಳು ಬಿಡುತ್ತದೆ. ನೋಡಬಲ್ಲವನಿಗೆ ಇಷ್ಟು ಸಾಕು. ನಾಡಿ ಹಿಡಿದು, ಬೆನ್ನು ತಟ್ಟಿ, ಕಿವಿಗೊಟ್ಟು ಕೇಳಿದರೂ ಹೊಳೆಯದ ರೋಗ ಕ್ಷಣಮಾತ್ರದಲ್ಲಿ ಎದುರು ನಿಲ್ಲುತ್ತದೆ. ಆದರೆ ಇಲ್ಲಿಯೇ ಒಂದು ತೊಡಕೂ ಉಂಟು. ಕಾಣುವುದು ನೆರಳು. ಎಂದೋ ಬಂದು ವಾಸಿಯಾಗಿ ಹೋದ ಕ್ಷಯದ ಕಲೆಯೂ ಬಿಳಿಯದೇ, ನ್ಯುಮೋನಿಯದ ಕೀವೂ ಬಿಳಿಯದೇ, ಅರ್ಬುದವೂ ಬಿಳಿಯದೇ, ಕಲ್ಲುಪುಡಿ ಕೂತ ಶ್ವಾಸಕೋಶವೂ ಬಿಳಿಯದೇ. ಆ ನೆರಳಿನೊಳಗೆ ಜೀವಂತವಾದ ರೋಗಾಣು ಇದೆಯೇ ಎಂಬ ಪ್ರಶ್ನೆಗೆ ಚಿತ್ರವು ಉತ್ತರ ಹೇಳಲಾರದು.

ಇನ್ನು ಓದುವವರ ವಿಷಯ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಯೆರುಷಾಲ್ಮಿ ಮೊದಲಾದವರು, ಎದೆಯ ಚಿತ್ರಗಳನ್ನು ಓದುವುದರಲ್ಲಿ ನುರಿತ ವೈದ್ಯರ ಮುಂದೆ ಚಿತ್ರಗಳನ್ನಿಟ್ಟು ಅವರ ಅಭಿಪ್ರಾಯಗಳನ್ನು ಬೇರೆ ಬೇರೆಯಾಗಿ ಬರೆಸಿಕೊಂಡರು. ಒಬ್ಬ ತಜ್ಞನ ಅಭಿಪ್ರಾಯ ಇನ್ನೊಬ್ಬನದಕ್ಕೆ ಸರಿಸುಮಾರು ಮೂರರಲ್ಲೊಂದು ಪಾಲು ಹೊಂದಲಿಲ್ಲ. ಅದಿರಲಿ, ಅದೇ ಚಿತ್ರವನ್ನು ಅದೇ ತಜ್ಞನಿಗೆ ಕೆಲವು ಕಾಲದ ಮೇಲೆ ಮತ್ತೆ ತೋರಿಸಿದಾಗ ಐದರಲ್ಲೊಂದು ಪಾಲು ತನ್ನ ಹಿಂದಿನ ಮಾತಿಗೆ ತಾನೇ ವಿರುದ್ಧವಾಗಿ ಬರೆದನಂತೆ! ವೈದ್ಯರ ಮೇಲೆ ತಪ್ಪು ಹೊರಿಸುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ನ್ಯಾಯಸ್ಥಾನದಲ್ಲಿ ಕಣ್ಣಾರೆ ಕಂಡ ಸಾಕ್ಷಿಗಳೂ ಹೀಗೆಯೇ ತೊದಲುವುದುಂಟಷ್ಟೆ. ಕ್ಷಕಿರಣದ ಚಿತ್ರವನ್ನು ನಾವು ತೀರ್ಪೆಂದು ಭಾವಿಸದೆ ಸಾಕ್ಷಿಯೆಂದು ಭಾವಿಸಬೇಕೆಂಬುದು ಇದರಿಂದ ತಿಳಿಯುತ್ತದೆ.

ಸಾಕ್ಷಿಯೆಂಬ ಮಾತು ಬಂದುದರಿಂದ ನಮ್ಮ ಕೋಲಾರದ ಚಿನ್ನದ ಗಣಿಗಳನ್ನು ನೆನೆಯಬೇಕಾಗಿದೆ. ಬಂಡೆಯನ್ನು ಕೊರೆಯುವಾಗ ಏಳುವ ಸಣ್ಣ ಪುಡಿ ವರ್ಷಗಟ್ಟಲೆ ಎದೆಯೊಳಗೆ ಸೇರಿ, ಶ್ವಾಸಕೋಶವನ್ನು ಗಟ್ಟಿಮಾಡಿ, ಆಳನ್ನು ಏದುಸಿರಿಗೆ ತಂದು, ಎಷ್ಟೋ ವೇಳೆ ಕ್ಷಯಕ್ಕೂ ದಾರಿಮಾಡಿಕೊಡುತ್ತದೆ. ಸಿಲಿಕೋಸಿಸ್ ಎಂದು ಇದರ ಹೆಸರು. ಹೊರಗಿನಿಂದ ನೋಡಿದರೆ ಮನುಷ್ಯ ಬಹುಕಾಲ ಗಟ್ಟಿಮುಟ್ಟಾಗಿಯೇ ಕಾಣುತ್ತಾನೆ. ಹೀಗಾಗಿ ಬಡ ಕೂಲಿಯ ಮಾತೊಂದೇ ಇದ್ದಾಗ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನವು ಸಿಲಿಕೋಸಿಸ್ ನಿಯಮಗಳನ್ನು ಮಾಡಿತು. ಆ ದಶಕದಲ್ಲಿ ಗಣಿಯ ಕೆಲಸಗಾರರನ್ನು ಕ್ಷಕಿರಣದಿಂದ ಪರೀಕ್ಷಿಸಿ 1947ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪರೀಕ್ಷೆಗೊಳಗಾದ 7,653 ಮಂದಿಯಲ್ಲಿ ನೂರಕ್ಕೆ ನಲವತ್ತಕ್ಕೂ ಮೇಲ್ಪಟ್ಟವರ ಎದೆಯಲ್ಲಿ ಈ ರೋಗದ ಗುರುತು ಇದ್ದಿತು. ಚಿತ್ರ ಇಲ್ಲದೆ ಹೋಗಿದ್ದರೆ ಇಷ್ಟು ಜನರ ರೋಗವನ್ನು ಯಾರೂ ಒಪ್ಪುತ್ತಿರಲಿಲ್ಲ. ಯಂತ್ರ ಬಡವನ ಪಕ್ಷದಲ್ಲಿ ನಿಂತು ಸಾಕ್ಷಿ ನುಡಿದ ಸಂದರ್ಭಗಳಲ್ಲಿ ಇದೂ ಒಂದು.

ಕ್ಷಯಕ್ಕೆ ಬರೋಣ. ಈ ರೋಗ ಅರಮನೆ ಗುಡಿಸಲೆಂಬ ಭೇದವನ್ನು ಎಣಿಸದು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಇದಕ್ಕೆ ತುತ್ತಾದರು. ಅವರ ಹೆಸರಿನಲ್ಲಿ 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ತೆರೆಯಿತು, ಪಿ.ಕೆ. ಸ್ಯಾನಟೋರಿಯಂ ಎಂದರೆ ಮೈಸೂರಿನ ಹಳಬರಿಗೆಲ್ಲ ಗೊತ್ತು. ಆಗ ಔಷಧವೆಂಬುದಿರಲಿಲ್ಲ, ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಇಂಥ ಚಿಕಿತ್ಸೆ ದೊರೆಯುತ್ತಿದ್ದುದು ಪಟ್ಟಣಕ್ಕೆ ಬರಬಲ್ಲ ಕೆಲವರಿಗೆ. ಹಳ್ಳಿಗಳಲ್ಲಿ ಕ್ಷಯ ಅಪರೂಪ, ಅದು ಪೇಟೆಯ ಕಿಕ್ಕಿರಿದ ಬೀದಿಗಳ ರೋಗ ಎಂದು ಬಹುಮಂದಿ ತಿಳಿದವರು ಆ ಕಾಲದಲ್ಲಿ ನಂಬಿದ್ದರು.

ಈ ನಂಬಿಕೆಯನ್ನು ಮುರಿದದ್ದು ಕ್ಷಕಿರಣ. 1936ರಲ್ಲಿ ಬ್ರೆಜಿಲ್ ದೇಶದ ವೈದ್ಯ ಮಾನುಯೆಲ್ ಡಿ ಅಬ್ರೂ ಎಂಬುವರು, ಪರದೆಯ ಮೇಲೆ ಮೂಡುವ ಎದೆಯ ನೆರಳನ್ನು ಸಣ್ಣ ಫಿಲ್ಮಿನ ಮೇಲೆ ಛಾಯಾಚಿತ್ರವಾಗಿ ಹಿಡಿಯುವ ಉಪಾಯವನ್ನು ಕಂಡುಹಿಡಿದರು. ಇದರಿಂದ ಖರ್ಚು ಬಹಳ ತಗ್ಗಿತು. ಯಂತ್ರವನ್ನು ವಾಹನದ ಮೇಲೇರಿಸಿ ಊರೂರಿಗೆ ಕೊಂಡೊಯ್ದು ದಿನಕ್ಕೆ ನೂರಾರು ಜನರ ಚಿತ್ರ ತೆಗೆಯುವುದು ಸಾಧ್ಯವಾಯಿತು. 1955ರಿಂದ 1958ರ ವರೆಗೆ ಭಾರತದಲ್ಲಿ ಇಂಥ ವಾಹನಗಳೊಡನೆ ಆರು ವಲಯಗಳಲ್ಲಿ ದೊಡ್ಡ ಸಮೀಕ್ಷೆಯೊಂದು ನಡೆಯಿತು. ನಮ್ಮ ಗಡಿಯಾಚೆಯ ಮದನಪಲ್ಲಿಯೂ ಅವುಗಳಲ್ಲೊಂದು. ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಕ್ಷಯದ ಪ್ರಮಾಣ ಹೆಚ್ಚುಕಡಮೆ ಒಂದೇ ಎಂಬುದು ಅಂದು ಗೊತ್ತಾಯಿತು. ಚಿತ್ರದಲ್ಲಿ ರೋಗದ ನೆರಳು ಕಂಡವರು ಸಾವಿರಕ್ಕೆ ಸುಮಾರು ಹದಿನೈದು ಮಂದಿ. ಅವರಲ್ಲಿ ಕಫದೊಳಗೆ ರೋಗಾಣು ಸಿಕ್ಕಿದವರು ಸುಮಾರು ನಾಲ್ಕು ಮಂದಿ. ಹದಿನೈದಕ್ಕೂ ನಾಲ್ಕಕ್ಕೂ ಇರುವ ಈ ಅಂತರವನ್ನು ಶ್ರೋತೃಗಳು ದಯಮಾಡಿ ಗಮನದಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಈ ಅಂತರದ ಮೇಲೆಯೇ ನಿಂತಿದೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಏರ್ಪಟ್ಟಿತು. ಬಳ್ಳಾರಿ ರಸ್ತೆಯಲ್ಲಿ ಅವಲಾನ್ ಎಂಬ ಬಂಗಲೆಯ ಆವರಣದಲ್ಲಿರುವ ಈ ಸಂಸ್ಥೆಯ ಮುಂದೆ ನಿತ್ಯ ಹಾದುಹೋಗುವ ಬೆಂಗಳೂರಿನವರಲ್ಲಿ ಅದರ ಹಿರಿಮೆಯನ್ನು ಬಲ್ಲವರು ಎಷ್ಟು ಮಂದಿಯೋ ಕಾಣೆ. ಅಲ್ಲಿಯ ಕೆಲಸಗಾರರು 1961ರಿಂದ 1968ರ ವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಿಗೆ ನಾಲ್ಕು ಸಾರಿ ಹೋಗಿ, ಮನೆಮನೆಯ ಜನರನ್ನು ಲೆಕ್ಕಮಾಡಿ, ಐದು ವರ್ಷಕ್ಕೆ ಮೇಲ್ಪಟ್ಟವರೆಲ್ಲರ ಎದೆಯ ಸಣ್ಣ ಚಿತ್ರ ತೆಗೆದು, ನೆರಳು ಕಂಡವರ ಕಫವನ್ನು ಪರೀಕ್ಷಿಸಿದರು. ವ್ಯವಸ್ಥಿತವಾದ ಚಿಕಿತ್ಸೆ ಆ ಹಳ್ಳಿಗಳಿಗೆ ಆಗ ತಲುಪಿರಲಿಲ್ಲ. ಮೊದಲ ಸಾರಿ ರೋಗಾಣು ಸಿಕ್ಕಿದ 126 ಮಂದಿಯನ್ನು ಐದು ವರ್ಷಗಳ ಮೇಲೆ ಹುಡುಕಿದಾಗ ಅವರಲ್ಲಿ ನೂರಕ್ಕೆ 49 ಮಂದಿ ತೀರಿಹೋಗಿದ್ದರು. 18 ಮಂದಿ ಇನ್ನೂ ರೋಗಾಣುಗಳನ್ನು ಉಗುಳುತ್ತ ಊರಿನಲ್ಲಿಯೇ ಇದ್ದರು. ಉಳಿದ ಮೂರರಲ್ಲೊಂದು ಪಾಲು ಜನರ ಕಫದಲ್ಲಿ ರೋಗಾಣು ತಾನಾಗಿಯೇ ಮಾಯವಾಗಿತ್ತು. ಕ್ಷಯವನ್ನು ಅದರ ಪಾಡಿಗೆ ಬಿಟ್ಟರೆ ಅದು ಏನು ಮಾಡುತ್ತದೆಂಬುದಕ್ಕೆ ಪ್ರಪಂಚದ ವೈದ್ಯರು ಇಂದಿಗೂ ಉದಾಹರಿಸುವ ಲೆಕ್ಕ ಇದು. ನಮ್ಮ ರೈತರ ಸಾವಿನ ಲೆಕ್ಕವೆಂಬುದನ್ನು ಮರೆಯದೆ ಅದನ್ನು ಓದಬೇಕು.

ಹೀಗಿರುವಾಗ, ಊರೂರಿಗೂ ಕ್ಷಕಿರಣದ ವಾಹನಗಳನ್ನು ಕಳುಹಿಸುವುದೇ ಸರಿಯಾದ ಮಾರ್ಗವೆಂದು ಯಾರಾದರೂ ಹೇಳುವರು. ಆದರೆ ಅದೇ ಸಂಸ್ಥೆಯ ಇನ್ನೊಂದು ಪರಿಶೀಲನೆ ಬೇರೆಯ ದಾರಿಯನ್ನು ತೋರಿಸಿತು. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯಲ್ಲಿ, ಸಮೀಕ್ಷೆಯಿಂದ ಪತ್ತೆಯಾದ ರೋಗಿಗಳ ಮನೆಗಳಿಗೆ ಹೋಗಿ, “ನಿಮಗೆ ಏನಾಗುತ್ತಿದೆ? ಅದಕ್ಕೆ ನೀವು ಏನು ಮಾಡಿದಿರಿ?” ಎಂದು ವಿಚಾರಿಸಿದರು. ಎಷ್ಟು ಸಾಮಾನ್ಯವಾದ ಪ್ರಶ್ನೆ! ಅದುವರೆಗೆ ಯಾರೂ ಅದನ್ನು ಕ್ರಮವಾಗಿ ಕೇಳಿರಲಿಲ್ಲ. ಹಳ್ಳಿಯವನು ಅಜ್ಞಾನಿ, ರೋಗ ಬಂದರೂ ಅರಿಯನು, ಆಸ್ಪತ್ರೆಯ ಮೆಟ್ಟಲು ಹತ್ತನು ಎಂಬುದು ಎಲ್ಲರ ಗ್ರಹಿಕೆಯಾಗಿತ್ತು. 1963ರಲ್ಲಿ ಪ್ರಕಟವಾದ ಅವರ ಬರಹದಿಂದ ತಿಳಿದದ್ದೇನೆಂದರೆ, ರೋಗಾಣು ಸಿಕ್ಕಿದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈ ಸರಿಯಿಲ್ಲವೆಂಬ ಅರಿವು ಇತ್ತು. ಅರ್ಧದಷ್ಟು ಮಂದಿ ಆಗಲೇ ಸರ್ಕಾರದ ಆಸ್ಪತ್ರೆಗೆ ಹೋಗಿ ಕೆಮ್ಮಿನ ಔಷಧದ ಸೀಸೆಯನ್ನು ಕೈಯಲ್ಲಿ ಹಿಡಿದು ಹಿಂತಿರುಗಿದ್ದರು. ರೋಗಿ ತಾನಾಗಿ ಬಂದು ಬಾಗಿಲಲ್ಲಿ ನಿಂತಿದ್ದಾನೆ. ಒಳಗಿರುವವರು ಅವನ ಕಫವನ್ನು ಒಂದು ಗಾಜಿನ ಪಟ್ಟಿಯ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಲಿಲ್ಲ. ಹೀಗಿದ್ದ ಮೇಲೆ ಲಕ್ಷಗಟ್ಟಲೆ ರೂಪಾಯಿಯ ವಾಹನವೇಕೆ? 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣದ ಕಾರ್ಯಕ್ರಮದಲ್ಲಿ ಹಳ್ಳಿಯ ಆಸ್ಪತ್ರೆಗೆ ಸೂಕ್ಷ್ಮದರ್ಶಕವೂ ಜಿಲ್ಲೆಯ ಕೇಂದ್ರಕ್ಕೆ ಕ್ಷಕಿರಣಯಂತ್ರವೂ ಎಂಬ ಹಂಚಿಕೆಯಾದುದು ಈ ವಿವೇಕದಿಂದ. ಕಣ್ಣಿಗೆ ರಾಚುವ ಯಂತ್ರವನ್ನು ಬದಿಗಿಟ್ಟು ಅಗ್ಗದ ಸಾಧನವನ್ನು ಆರಿಸಿಕೊಂಡ ಆ ಹಿರಿಯರ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ಆದರೆ ಆ ವಿವೇಕವೂ ಪೂರ್ತಿಯಾದುದಲ್ಲವೆಂದು ಅರವತ್ತು ವರ್ಷಗಳ ಮೇಲೆ ಗೊತ್ತಾಯಿತು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಾಹನದ ಮೇಲಣ ಕ್ಷಕಿರಣಯಂತ್ರಗಳು ಮತ್ತೆ ಹಳ್ಳಿಗಳಿಗೆ ಹೋದುವು. ಹದಿನೈದು ವರ್ಷಕ್ಕೆ ಮೇಲ್ಪಟ್ಟವರಲ್ಲಿ ಲಕ್ಷಕ್ಕೆ 316 ಮಂದಿಗೆ ಶ್ವಾಸಕೋಶದ ಕ್ಷಯವಿದ್ದಿತು. ಆ ರೋಗಿಗಳ ಪೈಕಿ ನೂರಕ್ಕೆ 42.6 ಮಂದಿ ಚಿತ್ರವೊಂದರಿಂದಲೇ ಸಂದೇಹಕ್ಕೆ ಒಳಗಾದವರು. ಬರಿಯ “ಕೆಮ್ಮು ಇದೆಯೆ, ಜ್ವರ ಇದೆಯೆ?” ಎಂದು ಕೇಳಿ ಬಿಟ್ಟಿದ್ದರೆ ಅಷ್ಟು ಜನರೂ ಕೈತಪ್ಪಿಹೋಗುತ್ತಿದ್ದರು. ಕೆಮ್ಮು ಮೊದಲಾದ ಚಿಹ್ನೆಗಳಿದ್ದವರಲ್ಲಿಯೂ ನೂರಕ್ಕೆ ಸುಮಾರು 64 ಮಂದಿ ಯಾವ ವೈದ್ಯನ ಬಳಿಗೂ ಹೋಗಿರಲಿಲ್ಲ. ತುಮಕೂರಿನ ರೋಗಿ ಆಸ್ಪತ್ರೆಗೆ ಬಂದಿದ್ದನೆಂಬುದು ಸತ್ಯ; ಬಾರದೆ ಮನೆಯಲ್ಲಿ ಉಳಿದವರು ಇನ್ನೂ ಹಲವರಿರುವರೆಂಬುದೂ ಸತ್ಯ. ಮೊದಲಿನವನಿಗೆ ಸೂಕ್ಷ್ಮದರ್ಶಕ ಸಾಕು. ಎರಡನೆಯವನನ್ನು ಹುಡುಕಲು ಚಿತ್ರ ಬೇಕು.

ಈ ಎರಡನೆಯವನು ಎಲ್ಲಿರುತ್ತಾನೆಂದು ಯೋಚಿಸುವಾಗ ನನ್ನ ಕಣ್ಣೆದುರಿಗೆ ಬರುವುದು ಮದ್ದೂರಿನಂಥ ಊರು. ಮದ್ದೂರೆಂದೊಡನೆ ರೈಲಿನಲ್ಲಿ ವಡೆ ತಿಂದ ನೆನಪು ಬರುವವರಿಗೆ ಹೇಳುತ್ತೇನೆ, ಅದು ಮಂಡ್ಯದ ಜಿಲ್ಲೆಯ ಮದ್ದೂರು. ನಾನು ಹೇಳುವುದು ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರನ್ನು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡನ್ನು ಹೊಗುವ ಜಾಗ ಅದು. ಮದ್ದಿನ ಊರು ಮದ್ದೂರು ಎಂದು ಹೇಳಿ ನಮ್ಮ ವಿಷಯಕ್ಕೆ ಗಂಟುಹಾಕಬಹುದಾಗಿತ್ತು. ಶಾಸನಜ್ಞರು ನಕ್ಕಾರೆಂಬ ಅಂಜಿಕೆಯಿಂದ ಬಿಟ್ಟಿದ್ದೇನೆ. ಅಲ್ಲಿ ಅರಣ್ಯ ಇಲಾಖೆಯ ತನಿಖಾ ಠಾಣೆಯುಂಟು. 2009ರಿಂದ ರಾತ್ರಿ 9 ಗಂಟೆಯಿಂದ ಬೆಳಗ್ಗೆ 6 ಗಂಟೆಯ ವರೆಗೆ ಕಾಡಿನೊಳಗಣ ಆ ರಸ್ತೆಯಲ್ಲಿ ವಾಹನಸಂಚಾರಕ್ಕೆ ನಿಷೇಧವಿದೆ. ರೋಗಿಗಳನ್ನು ಒಯ್ಯುವ ಆಂಬ್ಯುಲೆನ್ಸುಗಳಿಗೆ ವಿನಾಯಿತಿಯುಂಟು. ಆ ಕಾಡಂಚಿನ ತಾಲ್ಲೂಕಿನಲ್ಲಿ ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು ಇದ್ದಾರೆ. ಅರಿಸಿನ, ಈರುಳ್ಳಿ, ಸೂರ್ಯಕಾಂತಿ ಬೆಳೆಯುವ ರೈತರಿದ್ದಾರೆ. ಗಡಿ ದಾಟಿ ವಯನಾಡಿನ ತೋಟಗಳಿಗೆ ಕೂಲಿಗೆ ಹೋಗುವವರಿದ್ದಾರೆ. ಅದೇ ತಾಲ್ಲೂಕಿನ ಕಲ್ಲುಗಣಿಗಳಲ್ಲಿ ಪುಡಿಯನ್ನು ಉಸಿರಾಡುವವರೂ ಇದ್ದಾರೆ.

ಈ ಜನರ ಕೆಮ್ಮನ್ನು ಕುರಿತು ಸ್ವಲ್ಪ ವಿಚಾರಮಾಡಿ. ಸೌದೆಯ ಒಲೆಯ ಮುಂದೆ ದಿನವೂ ಊದುಗೊಳವೆ ಹಿಡಿದು ಕೂರುವ ಹೆಂಗಸು ಕೆಮ್ಮುತ್ತಾಳೆ. ಅದು ಹೊಗೆಯ ಕೆಮ್ಮೆಂದು ಮನೆಯವರೂ ಅವಳೂ ತಿಳಿಯುತ್ತಾರೆ. ಬೀಡಿ ಸೇದುವ ಗಂಡಸು ಕೆಮ್ಮುತ್ತಾನೆ. ಅದು ಬೀಡಿಯ ಕೆಮ್ಮು. ಕಲ್ಲು ಒಡೆಯುವವನ ಕೆಮ್ಮು ಕಸುಬಿನ ಕೆಮ್ಮು. ಕೆಮ್ಮು ಇಲ್ಲದವನು ಮೊದಲೇ ಆಸ್ಪತ್ರೆಗೆ ಬಾರನು. ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿಗೆ ಕಾಸು ಕೊಟ್ಟು, ತಾಲ್ಲೂಕಿನ ಊರಿಗೋ ಜಿಲ್ಲೆಯ ಊರಿಗೋ ಹೋಗಿ, ಸಾಲಿನಲ್ಲಿ ನಿಂತು, ಚಿತ್ರದ ವರದಿಗಾಗಿ ಇನ್ನೊಂದು ದಿನ ಹೋಗಬೇಕೆಂದರೆ, ನೋವಿಲ್ಲದವನು ಏಕೆ ಹೋದಾನು? 2016ರಿಂದ ಚಾಮರಾಜನಗರದಲ್ಲಿ ಸರ್ಕಾರದ ವೈದ್ಯಕೀಯ ವಿದ್ಯಾಲಯವಿದೆ, ಮೈಸೂರಿನ ಕೆ.ಆರ್. ಆಸ್ಪತ್ರೆಯಂತೂ ಹಳೆಯದು. ಅಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಯಂತ್ರಕ್ಕೂ ಮನುಷ್ಯನಿಗೂ ನಡುವಣ ದಾರಿಯಲ್ಲಿ.

ಈ ದಾರಿಯನ್ನು ಕಿರಿದುಮಾಡುವ ಸಾಧನವೊಂದು ಈಗ ಬಂದಿದೆ. ಕೈಯಲ್ಲಿ ಹಿಡಿಯಬಹುದಾದ, ಮೂರೂವರೆ ಕಿಲೋ ತೂಕದ, ಬ್ಯಾಟರಿಯಿಂದ ನಡೆಯುವ ಕ್ಷಕಿರಣಯಂತ್ರ ಅದು. ದೊಡ್ಡ ಕ್ಯಾಮರಾದಂತೆ ಕಾಣುತ್ತದೆ. ಶಾಲೆಯ ಜಗಲಿಯಲ್ಲಿಯೋ ಹಾಡಿಯ ಅಂಗಳದಲ್ಲಿಯೋ ಅದನ್ನು ನಿಲ್ಲಿಸಿ ಚಿತ್ರ ತೆಗೆಯಬಹುದು. ಫಿಲ್ಮು ಬೇಡ, ಕತ್ತಲೆಕೋಣೆ ಬೇಡ, ಚಿತ್ರ ಒಡನೆಯೇ ತೆರೆಯ ಮೇಲೆ ಮೂಡುತ್ತದೆ. 2024ರ ಡಿಸೆಂಬರು 7ನೆಯ ತಾರೀಖು ದೇಶದ 347 ಜಿಲ್ಲೆಗಳಲ್ಲಿ ಆರಂಭವಾದ ನೂರು ದಿನಗಳ ಕ್ಷಯಶೋಧನೆಯಲ್ಲಿ ಇಂಥ ಯಂತ್ರಗಳನ್ನು ಬಳಸಿದರು. ಚಿತ್ರವನ್ನು ಓದಲು ತಜ್ಞನಿಲ್ಲದ ಕಡೆ ಗಣಕಯಂತ್ರವೇ ಅದನ್ನು ಓದಿ ಸಂದೇಹವಿದ್ದರೆ ಗುರುತುಮಾಡುತ್ತದೆ. ಹದಿನೈದು ವರ್ಷ ಮೇಲ್ಪಟ್ಟವರ ವಿಷಯದಲ್ಲಿ ಇಂಥ ಓದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂಗೀಕರಿಸಿತು. ತನ್ನ ಮಾತಿಗೆ ತಾನೇ ಐದರಲ್ಲೊಂದು ಪಾಲು ಎದುರಾಡಿದ ಮನುಷ್ಯತಜ್ಞನ ವಿಷಯವನ್ನು ಆಗಲೇ ಹೇಳಿದೆನಲ್ಲವೆ? ಗಣಕಯಂತ್ರ ಒಂದೇ ಚಿತ್ರಕ್ಕೆ ಎರಡು ಮಾತಾಡದು. ಆದರೆ ತಪ್ಪನ್ನು ಮಾಡಿದರೆ ಅದೇ ತಪ್ಪನ್ನು ದಿನವೆಲ್ಲ ಮಾಡುತ್ತದೆ. ಹಳೆಯ ಕ್ಷಯದ ಕಲೆಯನ್ನೂ ಕಲ್ಲುಪುಡಿಯ ನೆರಳನ್ನೂ ಕಂಡು ಅದೂ ಮೋಸಹೋಗುತ್ತದೆ. ಹದಿನೈದಕ್ಕೂ ನಾಲ್ಕಕ್ಕೂ ಇದ್ದ ಅಂತರ ಗಣಕಯಂತ್ರದಿಂದ ಅಳಿಯುವುದಿಲ್ಲ. ಆ ಅಂತರವನ್ನು ತೀರಿಸುವುದು ಕಫದ ಪರೀಕ್ಷೆ.

ಕಫದ ಪರೀಕ್ಷೆಯೂ ಹಿಂದಿನಂತಿಲ್ಲ. ರೋಗಾಣುವಿನ ವಂಶದ್ರವ್ಯವನ್ನೇ ಹುಡುಕಿ ಒಂದೆರಡು ಗಂಟೆಗಳಲ್ಲಿ ಉತ್ತರ ಕೊಡುವ ಸಾಧನಗಳು ಬಂದಿವೆ. ಅವುಗಳಲ್ಲಿ ಟ್ರೂನಾಟ್ ಎಂಬುದು ನಮ್ಮ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿ ರೂಪುಗೊಂಡು, ಗೋವೆಯಲ್ಲಿ ತಯಾರಾಗಿ, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯನ್ನು ಪಡೆಯಿತು. ಅದೂ ಬ್ಯಾಟರಿಯಿಂದ ನಡೆಯಬಲ್ಲುದು. ಮದ್ದಿಗೆ ಪ್ರತಿಕ್ರಿಯೆ ಕೊಡದ ಹಟಮಾರಿ ರೋಗಾಣುವೇ ಎಂಬುದನ್ನೂ ಈ ಸಾಧನಗಳು ಹೇಳುತ್ತವೆ. ಸಾಮಾನ್ಯವಾದ ಕ್ಷಯಕ್ಕೆ ಆರು ತಿಂಗಳ ಔಷಧ. ಸರ್ಕಾರದಿಂದ ಅದು ಧರ್ಮಾರ್ಥ. ರೋಗಿಯ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದು 1,000 ರೂಪಾಯಿಯಾಗಿದೆ. ಹಿಂದಿನ ಸ್ಯಾನಟೋರಿಯಮ್ಮಿನ ಹಾಲುಮೊಟ್ಟೆಗಳು ಬೇರೆಯ ವೇಷದಲ್ಲಿ ಮನೆಗೇ ಬಂದಂತಾಯಿತು.

ಚಿತ್ರವಿದ್ಯೆಯ ಇತರ ಶಾಖೆಗಳ ಹೆಸರುಗಳನ್ನಾದರೂ ಹೇಳದಿದ್ದರೆ ಭಾಷಣ ಕೊರತೆಯಾದೀತು. 1971ರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ಲಂಡನ್ ನಗರದಲ್ಲಿ ಮೊದಲ ರೋಗಿಯ ಮೆದುಳನ್ನು ಹೋಳುಹೋಳಾಗಿ ತೋರಿಸಿತು. ಅಯಸ್ಕಾಂತದ ಬಲದಿಂದ, ಕ್ಷಕಿರಣದ ಸೋಂಕಿಲ್ಲದೆ ಮೃದು ಅಂಗಗಳನ್ನು ತೋರಿಸುವ ಎಂ.ಆರ್.ಐ. ಆಮೇಲೆ ಬಂತು. ಕಿವಿಗೆ ಕೇಳಿಸದ ಧ್ವನಿಯ ಮಾರ್ದನಿಯಿಂದ ಗರ್ಭವನ್ನು ನೋಡುವ ವಿಧಾನವನ್ನು 1958ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡರು ಪ್ರಕಟಿಸಿದರು. ಎಷ್ಟೋ ತಾಯಂದಿರ ಪ್ರಾಣವನ್ನು ಉಳಿಸಿರುವ ಈ ಕೊನೆಯ ಯಂತ್ರವನ್ನು ನಮ್ಮವರು ಹೆಣ್ಣು ಕೂಸನ್ನು ಗರ್ಭದಲ್ಲಿಯೇ ಪತ್ತೆಹಚ್ಚಿ ಕೊಲ್ಲುವುದಕ್ಕೂ ಹೂಡಿದರು. 1994ರಲ್ಲಿಯೇ ಕಾನೂನು ಅದನ್ನು ನಿಷೇಧಿಸಿದೆ. ಹೀಗಿದ್ದರೂ 2023ರಲ್ಲಿ ಮಂಡ್ಯದ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಇಂಥ ಯಂತ್ರವನ್ನಿಟ್ಟು ಲಿಂಗಪರೀಕ್ಷೆ ನಡೆಸುತ್ತಿದ್ದುದು ಪೊಲೀಸರ ಕೈಗೆ ಸಿಕ್ಕಿಬಿದ್ದಿತು. ಬೆಲ್ಲ ಬೇಯುವ ಮನೆಯಲ್ಲಿ ಈ ಕೆಲಸ! ಕೈಗೆಟಕುವಷ್ಟು ಚಿಕ್ಕದಾದ ಯಂತ್ರ ಎಲ್ಲಿಗೆ ಬೇಕಾದರೂ ಹೋಗಬಲ್ಲುದು. ಅದು ಹೋದೆಡೆ ಯಾವ ಪ್ರಶ್ನೆಯನ್ನು ಕೇಳುತ್ತಾರೆಂಬುದನ್ನು ಯಂತ್ರ ನಿರ್ಧರಿಸದು.

ಮದ್ದೂರಿನಂಥ ಊರಿಗೆ ಕ್ಷಕಿರಣದ ಪೆಟ್ಟಿಗೆ ಹೋಗುವ ದಿನ ಕೇಳಬೇಕಾದ ಪ್ರಶ್ನೆಗಳು ಬಹಳವಿಲ್ಲ. ಮೊದಲನೆಯದಾಗಿ, ಹೋಗುವುದು ಯಾವ ದಿನ? ನಡುವಾರದ ಬೆಳಗ್ಗೆ ಹತ್ತು ಗಂಟೆಗೆ ಹೋದರೆ ಮನೆಯಲ್ಲಿ ಸಿಕ್ಕುವವರು ಮುದುಕರೂ ಮಕ್ಕಳೂ ಮಾತ್ರ. ದುಡಿಯುವ ಎದೆಗಳೆಲ್ಲ ಹೊಲದಲ್ಲಿಯೋ ವಯನಾಡಿನಲ್ಲಿಯೋ ಇರುತ್ತವೆ. ಕೂಲಿಗೆ ಹೋದವರು ಊರಿಗೆ ಬಂದಿರುವ ಹಬ್ಬದ ದಿನವನ್ನೋ ವಾರದ ಬಿಡುವಿನ ದಿನವನ್ನೋ ಆಶಾ ಕಾರ್ಯಕರ್ತೆಯರನ್ನು ಕೇಳಿ ಗೊತ್ತುಮಾಡಬೇಕು. ಆನೆ ದಾರಿಗೆ ಬರುವ ಹೊತ್ತಿನೊಳಗೆ ಕೆಲಸ ಮುಗಿಸಬೇಕು. ಎರಡನೆಯದಾಗಿ, ಹಿಂದೆ ಕ್ಷಯ ಬಂದು ವಾಸಿಯಾದವರ, ಕಲ್ಲುಗಣಿಯಲ್ಲಿ ದುಡಿದವರ ಪಟ್ಟಿ ಕೈಯಲ್ಲಿರಬೇಕು. ಅವರ ಎದೆಯ ನೆರಳನ್ನು ಬೇರೆಯಾಗಿ ಓದಬೇಕಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಚಿತ್ರದಲ್ಲಿ ಸಂದೇಹ ಕಂಡವನಿಗೆ, “ನಾಳೆ ಗುಂಡ್ಲುಪೇಟೆಗೆ ಬಾ” ಎಂದು ಹೇಳಿ ಕಳುಹಿಸಿದರೆ ಅವನು ಬರುವನೆಂಬ ಭರವಸೆಯಿಲ್ಲ. ಚಿತ್ರ ತೆಗೆದ ಅರ್ಧಗಂಟೆಯೊಳಗೆ ಅವನ ಕೈಗೆ ಕಫದ ಡಬ್ಬಿಯನ್ನು ಕೊಟ್ಟು, ಮನೆಯಿಂದಾಚೆ ಬಯಲಿಗೆ ಕಳುಹಿಸಿ, ಆಳವಾಗಿ ಉಸಿರೆಳೆದು ಕೆಮ್ಮಿ ಕಫ ತೆಗೆಯುವ ಬಗೆಯನ್ನು ಹೇಳಿಕೊಟ್ಟು, ಡಬ್ಬಿಯ ಮೇಲೆ ಹೆಸರನ್ನೂ ಹಾಡಿಯ ಗುರುತನ್ನೂ ಬರೆದು, ಬಂದ ವಾಹನದಲ್ಲಿಯೇ ಅದನ್ನು ಪರೀಕ್ಷೆಗೆ ಒಯ್ಯಬೇಕು. ಫಲಿತಾಂಶವನ್ನು ತಿಳಿಸಲು ಫೋನಿನ ಸಂಖ್ಯೆಯನ್ನು ಕೇಳಿಕೊಳ್ಳುವಾಗ ಒಂದು ಮಾತು ನೆನಪಿರಲಿ: ಕಾಡಿನೊಳಗಣ ಹಾಡಿಗಳಲ್ಲಿ ಫೋನು ಎಲ್ಲೆಡೆಯೂ ಮಾತಾಡದು; ಸುದ್ದಿ ಮುಟ್ಟಿಸಬಲ್ಲ ನೆರೆಯವರೊಬ್ಬರ ಹೆಸರನ್ನು, ರೋಗಿಯ ಒಪ್ಪಿಗೆಯನ್ನು ಪಡೆದು, ಪಕ್ಕದಲ್ಲಿಯೇ ಬರೆದುಕೊಳ್ಳತಕ್ಕದ್ದು.